ಪ್ರ: ಅಮ್ಮನ ಜೊತೆ ಮಂಗಳೂರಿನಲ್ಲಿ ಒಂದೇ ದಿನ, ಏನು ನೋಡಬಹುದು?

ಅಮ್ಮನಿಗೆ ಮಂಡಿ ನೋವು, ಜಾಸ್ತಿ ನಡೆಯಲು ಆಗುವುದಿಲ್ಲ ಎಂದು ಬರೆದಿದ್ದೀರಿ. ಹಾಗಾದರೆ ಪಟ್ಟಿ ಉದ್ದ ಮಾಡಬೇಡಿ, ಮೂರೇ ಜಾಗ ಸಾಕು.

ಬೆಳಿಗ್ಗೆ ಬಿಸಿಲೇರುವ ಮೊದಲು ಕದ್ರಿ ದೇವಸ್ಥಾನ. ಅಲ್ಲಿನ ಲೋಕೇಶ್ವರನ ಕಂಚಿನ ವಿಗ್ರಹವನ್ನು ತಪ್ಪದೆ ನೋಡಿ. ಅದರ ಪೀಠದ ಶಾಸನ 968ರದ್ದು, ಆಳುಪ ದೊರೆ ಕುಂದವರ್ಮನ ಕಾಲದ್ದು. ಆ ಮುಖದ ಮುಂದೆ ಸುಮ್ನೆ ಸ್ವಲ್ಪ ಹೊತ್ತು ನಿಲ್ಲಬೇಕು ಅನಿಸುತ್ತದೆ.

ಆಮೇಲೆ ಸಂತ ಅಲೋಶಿಯಸ್ ಚಾಪೆಲ್. ಗೋಡೆ, ಚಾವಣಿ ಎಲ್ಲಾ ಚಿತ್ರಗಳೇ. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೆನಿ ನೂರು ವರ್ಷಕ್ಕೂ ಹಿಂದೆ ಬರೆದದ್ದು. ಅಮ್ಮ ಬೆಂಚಿನಲ್ಲಿ ಕೂತೇ ನೋಡಬಹುದು, ಅದೇ ಅನುಕೂಲ.

ಮಧ್ಯಾಹ್ನ ರೂಮಿನಲ್ಲಿ ವಿಶ್ರಾಂತಿ. ಸಂಜೆ ಹೊಳೆ ದಡದ ಹಳೇ ಕಾವಲು ಗೋಪುರ ಸುಲ್ತಾನ್ ಬತ್ತೇರಿಗೆ ಹೋಗಿ, ದೋಣಿಯಲ್ಲಿ ಗುರುಪುರ ಹೊಳೆ ದಾಟಿ ತಣ್ಣೀರುಬಾವಿ ಬೀಚು. ನನಗೆ ಪಣಂಬೂರು ಬೀಚಿಗಿಂತ ಇದೇ ಇಷ್ಟ. ದೋಣಿ ಹತ್ತಿ ಇಳಿಯುವುದು ಅಮ್ಮನಿಗೆ ಕಷ್ಟವಾದರೆ ಕೂಳೂರು ಕಡೆಯಿಂದ ರಸ್ತೆಯೂ ಇದೆ, ಕಾರು ಮಾಡಿಕೊಳ್ಳಿ. ಜೂನ್, ಜುಲೈನಲ್ಲಿ ಬರುವುದಾದರೆ ಮಾತ್ರ ನೀರಿಗೆ ಇಳಿಯಲೇಬೇಡಿ, ಕಡಲು ತುಂಬಾ ಒರಟಾಗಿರುತ್ತದೆ.

ರಾತ್ರಿ ರೈಲಿಗೆ ಮುಂಚೆ ಅಮ್ಮನಿಗೊಂದು ಗಡ್‌ಬಡ್ ಐಸ್‌ಕ್ರೀಮ್ ಕೊಡಿಸಿ.