ರಾಕ್ಷಸನ ಜೀವ ಐಸಿಯಲ್ಲಿಲ್ಲ

ಪ್ರಶ್ನೆ: ಐಬನೆಜ್ ಕಂಪನಿಯ ಟ್ಯೂಬ್ ಸ್ಕ್ರೀಮರ್ ಪೆಡಲಿನ ನಕ್ಷೆ ನೋಡಿಕೊಂಡು ಮನೆಯಲ್ಲೇ ಗಿಟಾರ್ ಓವರ್‌ಡ್ರೈವ್ ಪೆಡಲ್ (ಗಿಟಾರಿನ ದನಿಯನ್ನು ಬೇಕೆಂದೇ ಒಡೆಯುವ ಪೆಟ್ಟಿಗೆ) ಮಾಡಿದ್ದೇನೆ. ಕೆಲಸ ಮಾಡುತ್ತಿದೆ, ಆದರೆ ದನಿ ತೀರಾ ತೆಳು, ತಗಡು ಬಡಿದಂತೆ. ಸಿಗ್ನಲ್ ವರ್ಧಿಸಲು ಹಾಕಿರುವುದು ಸಾಧಾರಣ 4558 ಐಸಿ (ಚಿಪ್). ಹಳೆಯ ಕಾಲದ ಜೆಆರ್‌ಸಿ ಕಂಪನಿಯ 4558ಡಿ ಹಾಕಿದರೆ ಮಾತ್ರ ಅಸಲಿ ದನಿ ಬರುತ್ತದೆ ಎಂದು ಪರಿಚಿತರೊಬ್ಬರು ಒಂದಕ್ಕೆ ಎಂಟುನೂರು ರೂಪಾಯಿ ಕೇಳುತ್ತಿದ್ದಾರೆ. ಕೊಳ್ಳಲೇ? ಬೋರ್ಡಿನ ಫೋಟೋ ಕಳುಹಿಸಿದ್ದೇನೆ.

ಉತ್ತರ: ಬೇಡ. ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧದಷ್ಟು ಇದೇ ಪ್ರಶ್ನೆ, ಕೇಳುವವರ ಊರು ಮಾತ್ರ ಬೇರೆ. ಅಜ್ಜಿಕಥೆಯ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯಲ್ಲಿ ಇರುತ್ತಿತ್ತು. ಈಗ ಅದನ್ನು ಎಂಟು ಕಾಲಿನ ಐಸಿಯೊಳಗೆ ತಂದು ಕೂರಿಸಿದ್ದಾರೆ, ಮಾರುವವರಿಗೂ ಅದೇ ಬೇಕು.

ಈ ಪೆಡಲ್‌ನಲ್ಲಿ ದನಿ ಒಡೆಯುವುದು ಎಲ್ಲಿ ಎಂದು ನೋಡಿ. ಐಸಿಯ ಔಟ್‌ಪುಟ್‌ನಿಂದ ಅದರ ಮೈನಸ್ ಇನ್‌ಪುಟ್‌ಗೆ ಮರಳುವ ದಾರಿಯಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಎರಡು ಸಿಲಿಕಾನ್ ಡಯೋಡ್‌ಗಳು ಒಂದಕ್ಕೊಂದು ತಿರುಗುಮುರುಗಾಗಿ ಕೂತಿವೆ. ಅವುಗಳ ಎರಡು ತುದಿಗಳ ನಡುವೆ ಸುಮಾರು 0.6 ವೋಲ್ಟ್ ಏರುತ್ತಿದ್ದಂತೆ ಡಯೋಡ್ ಬಾಯಿ ತೆರೆಯುತ್ತದೆ, ವರ್ಧನೆ ಕುಸಿಯುತ್ತದೆ, ಅಲೆಯ ನೆತ್ತಿ ದುಂಡಗಾಗುತ್ತದೆ. ಡ್ರೈವ್ ನಾಬ್ ಪೂರ್ತಿ ತಿರುಗಿಸಿದಾಗ ವರ್ಧನೆ ಹೆಚ್ಚೆಂದರೆ 118 ಪಟ್ಟು. ಡಯೋಡ್ ಇಲ್ಲದಿದ್ದರೆ ಗಿಟಾರಿನ 100 ಮಿಲಿವೋಲ್ಟ್ ಸಿಗ್ನಲ್ 11 ವೋಲ್ಟ್ ದಾಟಲು ಹೊರಟು, 9 ವೋಲ್ಟಿನ ಬ್ಯಾಟರಿಗೆ ತಲೆ ಹೊಡೆದುಕೊಳ್ಳುತ್ತಿತ್ತು. ಆಗ ಯಾವ ಐಸಿ ಎಂಬುದು ಲೆಕ್ಕಕ್ಕೆ ಬರುತ್ತಿತ್ತೋ ಏನೋ. ಡಯೋಡ್ ಇರುವಾಗ ಔಟ್‌ಪುಟ್ ಮಧ್ಯದ 4.5 ವೋಲ್ಟಿನಿಂದ ಆಚೀಚೆ ಒಂದು ವೋಲ್ಟ್ ಓಲಾಡುವುದೂ ಅಪರೂಪ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗುವ 4558 ಆ ಕೆಲಸವನ್ನು ಬೆವರದೆ ಮಾಡುತ್ತದೆ. ಅನುಮಾನವಿದ್ದರೆ ಐಸಿಯನ್ನು ಸಾಕೆಟ್‌ನಲ್ಲಿ ಕೂರಿಸಿ, ನಾಲ್ಕು ಬಗೆಯವನ್ನು ತಂದು, ಯಾವುದು ಯಾವುದೆಂದು ನಿಮಗೆ ತಿಳಿಯದಂತೆ ಇನ್ನೊಬ್ಬರಿಂದ ಬದಲಿಸಿ ಕೇಳಿ. ಹೀಗೆ ಮಾಡಿ ನೋಡಿದವರು ನನಗೆ ಎರಡನೇ ಪತ್ರ ಬರೆದಿಲ್ಲ.

ಈಗ ನಿಮ್ಮ ತೆಳು ದನಿಗೆ ಬರೋಣ. ಮೈನಸ್ ಇನ್‌ಪುಟ್‌ನಿಂದ ನೆಲಕ್ಕೆ (ಗ್ರೌಂಡ್‌ಗೆ) ಇಳಿಯುವ ಸಾಲಿನಲ್ಲಿ 4.7 ಕಿಲೋಓಮ್ ರೆಸಿಸ್ಟರ್ ಮತ್ತು 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಬೇಕು. ಇವೆರಡೂ ಸೇರಿ ಸುಮಾರು 720 ಹರ್ಟ್ಜ್‌ಗಿಂತ ಕೆಳಗಿನ ದನಿಗೆ ವರ್ಧನೆಯನ್ನು ಹಂತಹಂತವಾಗಿ ಕಡಿಮೆ ಮಾಡುತ್ತವೆ. ಇದು ದೋಷವಲ್ಲ, ಬೇಕೆಂದೇ ಮಾಡಿದ್ದು. ದಪ್ಪ ತಂತಿಯ ಗುಡುಗನ್ನು ಹಾಗೆಯೇ ಡಯೋಡಿಗೆ ಬಿಟ್ಟರೆ ಎಲ್ಲ ಸ್ವರಗಳೂ ಕಲಸಿ ಮುದ್ದೆಯಾಗುತ್ತವೆ.

ನಿಮ್ಮ ಫೋಟೋವನ್ನು ಹಿಗ್ಗಿಸಿ ನೋಡಿದೆ. ಆ ಜಾಗದಲ್ಲಿರುವ ಹಸಿರು ಕೆಪಾಸಿಟರ್ ಮೇಲೆ 472 ಎಂದಿದೆ. ಇರಬೇಕಾದದ್ದು 473. ಕೊನೆಯ ಅಂಕೆ ಸೊನ್ನೆಗಳ ಲೆಕ್ಕ, ಅಂದರೆ ನೀವು ಹಾಕಿರುವುದು ಹತ್ತನೇ ಒಂದು ಪಾಲು. 720 ಹರ್ಟ್ಜ್‌ನ ಗೆರೆ 7,200ಕ್ಕೆ ಏರಿ ಕೂತಿದೆ. ಗಿಟಾರಿನ ಅತಿ ದಪ್ಪ ತಂತಿ ನುಡಿಯುವುದು 82 ಹರ್ಟ್ಜ್‌ನಲ್ಲಿ, 22ನೇ ಫ್ರೆಟ್ಟಿನ ಅತಿ ಮೇಲಿನ ಸ್ವರವೂ 1,200 ಮುಟ್ಟುವುದಿಲ್ಲ. ಪಾಪ, ಡಯೋಡಿಗೆ ಒಡೆಯಲು ಸರಿಯಾಗಿ ಏನೂ ಸಿಗುತ್ತಿಲ್ಲ. ಎರಡು ರೂಪಾಯಿಯ ಕೆಪಾಸಿಟರ್ ಬದಲಿಸಿ. ಆಮೇಲೂ ತೆಳು ಎನಿಸಿದರೆ 0.1 ಮೈಕ್ರೋಫ್ಯಾರಡ್ ಹಾಕಿ, ಗೆರೆ 340ರ ಆಸುಪಾಸಿಗೆ ಇಳಿಯುತ್ತದೆ.

ದನಿಯ ಗುಣವೇ ಬದಲಾಗಬೇಕೆಂದರೆ ಕೈ ಹಾಕಬೇಕಾದದ್ದು ಡಯೋಡಿಗೆ. ಒಂದು ದಿಕ್ಕಿಗೆ ಒಂದು, ಇನ್ನೊಂದು ದಿಕ್ಕಿಗೆ ಎರಡು ಇಟ್ಟು ನೋಡಿ. 1977ರಲ್ಲಿ ಬಂದ ಬಾಸ್ ಕಂಪನಿಯ ಓಡಿ-1 ಪೆಡಲ್ ಮಾಡಿದ್ದು ಇದನ್ನೇ. ಡಯೋಡ್ ಬದಲು ಕೆಂಪು ಎಲ್‌ಇಡಿ ಹಾಕಿದರೆ ದನಿ ಜೋರಾಗುತ್ತದೆ, ಒಡಕು ಕಡಿಮೆಯಾಗುತ್ತದೆ. ಜರ್ಮೇನಿಯಂ ಬೇಗ ಬಾಯಿ ತೆರೆಯುತ್ತದೆ, ಆದರೆ ಬಿಸಿಲಿಗೆ ಒಂದು, ಮಳೆಗೆ ಒಂದು ಗುಣ ತೋರಿಸುತ್ತದೆ. ನನಗೆ ಅದರ ಮೇಲೆ ಪ್ರೀತಿಯಿಲ್ಲ.

ಪ್ರಶ್ನೆ: ಬಫರ್ (ಸಿಗ್ನಲ್ ಕುಗ್ಗದಂತೆ ಕಾಯುವ ಮೊದಲ ಹಂತ) ಇಲ್ಲದ ಸರಳ ನಕ್ಷೆ. ಐಸಿಯ 3ನೇ ಪಿನ್‌ನಲ್ಲಿ 4.5 ವೋಲ್ಟ್ ಇರಬೇಕಿತ್ತು, 2.2 ತೋರಿಸುತ್ತಿದೆ. ಐಸಿ ಸುಟ್ಟಿದೆಯೇ?

ಉತ್ತರ: ಸುಟ್ಟಿಲ್ಲ. ಆ ಪಿನ್‌ಗೆ ವೋಲ್ಟೇಜ್ ಬರುವುದು 1 ಮೆಗಾಓಮ್ ರೆಸಿಸ್ಟರ್ ಮೂಲಕ, ನಿಮ್ಮ ಅಗ್ಗದ ಮಲ್ಟಿಮೀಟರಿನ ಒಳಗಿನ ಪ್ರತಿರೋಧವೂ ಬಹುಶಃ 1 ಮೆಗಾಓಮ್. ಅಳೆಯಲು ಹೋದ ಮೀಟರೇ ಅರ್ಧ ಕುಡಿದುಬಿಟ್ಟಿದೆ. 1ನೇ ಪಿನ್‌ನಲ್ಲಿ, ಅಂದರೆ ಐಸಿಯ ಔಟ್‌ಪುಟ್‌ನಲ್ಲಿ ಅಳೆಯಿರಿ. ಅಲ್ಲಿ 4.5 ಇದ್ದರೆ ಹೋಗಿ ಗಿಟಾರ್ ನುಡಿಸಿ.

ಪ್ರಶ್ನೆ: ಮನೆಯ ವೈಫೈ ರೂಟರಿನ 12 ವೋಲ್ಟ್ ಅಡಾಪ್ಟರ್ ಪೆಡಲಿಗೆ ಹಾಕಬಹುದೇ?

ಉತ್ತರ: ಪೆಡಲ್‌ಗಳಲ್ಲಿ ಸಾಮಾನ್ಯವಾಗಿ ಜ್ಯಾಕಿನ ನಡುವೆ ಮೈನಸ್, ರೂಟರ್‌ಗಳಲ್ಲಿ ನಡುವೆ ಪ್ಲಸ್, ಸುಡಲು ಇಷ್ಟು ಸಾಕು.

ಪ್ರಶ್ನೆ: ಲೋಹದ ಡಬ್ಬಿ ದುಬಾರಿ. ಪ್ಲಾಸ್ಟಿಕ್ ಟಿಫಿನ್ ಡಬ್ಬಿ ಸಾಲದೇ?

ಉತ್ತರ: ಗುಂಯ್ ಎನ್ನುವ ಸದ್ದು ನಿಮಗೆ ಇಷ್ಟವಿದ್ದರೆ ಸಾಕು.

ಪ್ರಶ್ನೆ: ನಿಜವಾದ ವಾಲ್ವ್ (ಹಳೆಯ ಕಾಲದ ಗಾಜಿನ ಟ್ಯೂಬ್) ಇರುವ ಪೆಡಲ್ ಮಾಡಬೇಕೆಂದಿದ್ದೇನೆ. ಟ್ರಾನ್ಸ್‌ಫಾರ್ಮರ್ ಖರ್ಚು ಉಳಿಸಲು ಗೋಡೆಯ 230 ವೋಲ್ಟನ್ನು ನೇರವಾಗಿ ಡಯೋಡ್ ಮೂಲಕ ತಂದರೆ ಆಗುತ್ತದೆಯೇ? ನಕ್ಷೆ ಕಳುಹಿಸಿ.

ಉತ್ತರ: ಗಿಟಾರಿನ ತಂತಿ ಲೋಹದ್ದು. ಅದು ಕೇಬಲ್ಲಿನ ಮೂಲಕ ಪೆಡಲಿನ ನೆಲಕ್ಕೆ ಸೇರಿರುತ್ತದೆ, ಆ ನೆಲವನ್ನು ನೀವು ನೇರವಾಗಿ ಗೋಡೆಗೆ ಸೇರಿಸಲು ಹೊರಟಿದ್ದೀರಿ. ಬೆರಳು ಇರುವುದು ತಂತಿಯ ಮೇಲೆ. ನಕ್ಷೆ ಕಳುಹಿಸುವುದಿಲ್ಲ, ಇನ್ನೊಮ್ಮೆ ಕೇಳಬೇಡಿ.