ಸೂಜಿ ಚುಚ್ಚಿದರೆ ನಾಳೆವರೆಗೆ ಕಾಯಬೇಡಿ

ಸಿಸ್ಟರ್, ಇಂಜೆಕ್ಷನ್ ಕೊಟ್ಟ ಮೇಲೆ ಕ್ಯಾಪ್ ಹಾಕುವಾಗ ಸೂಜಿ ಬೆರಳಿಗೆ ಚುಚ್ಚಿತು, ನಾಳೆ ಡ್ಯೂಟಿ ಮುಗಿಸಿ ಯಾದಗಿರಿ ಜಿಲ್ಲಾ ಆಸ್ಪತ್ರೆಗೆ ಹೋದರೆ ನಡೆಯುತ್ತಾ ಅಂತ ಕೇಳಿದ್ದೀರಿ. ಬೇಡ ರೀ, ಈಗಲೇ ಹೊರಡಿ.

ಮೊದಲು ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆಯಿರಿ. ಬೆರಳು ಹಿಂಡಬೇಡಿ, ಬ್ಲೀಚಿಂಗ್ ನೀರು ಹಾಕಬೇಡಿ. ಎಚ್‌ಐವಿ ತಡೆಯುವ ಪಿಇಪಿ ಮಾತ್ರೆ 2 ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಕೊಡುವುದಿಲ್ಲ, ಶುರು ಮಾಡಿದ ಮೇಲೆ 28 ದಿನ ಬಿಡದೆ ನುಂಗಬೇಕು. ಜಿಲ್ಲಾ ಆಸ್ಪತ್ರೆಯ ಕ್ಯಾಶುವಾಲಿಟಿಯಲ್ಲಿ ಕೇಳಿ. ನೀವು ಇಂಜೆಕ್ಷನ್ ಕೊಟ್ಟ ರೋಗಿಯ ಒಪ್ಪಿಗೆ ಪಡೆದು ಅವರ ರಕ್ತ ಪರೀಕ್ಷೆ ಮಾಡಿಸಿ, ಆದರೆ ರಿಪೋರ್ಟ್ ಬರಲಿ ಅಂತ ಮೊದಲ ಡೋಸ್ ತಡ ಮಾಡಬೇಡಿ.

ಎಲ್ಲರೂ ಎಚ್‌ಐವಿಗೇ ಹೆದರುತ್ತಾರೆ, ನನಗೆ ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ ಸೋಂಕಿನ ಚಿಂತೆ ಜಾಸ್ತಿ. ಸೋಂಕಿರುವವರ ಸೂಜಿ ಚುಚ್ಚಿದರೆ ಎಚ್‌ಐವಿ ತಗಲೋದು 1000ಕ್ಕೆ ಸುಮಾರು 3 ಜನಕ್ಕೆ, ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ 100ಕ್ಕೆ 30ರವರೆಗೂ ತಗಲಬಹುದು. ಈ ಲಸಿಕೆಯ 0, 1, 6 ತಿಂಗಳ ಮೂರೂ ಡೋಸ್ ನಿಮ್ಮದು ಆಗಿದೆಯಾ? ಇಲ್ಲದಿದ್ದರೆ ಅಲ್ಲೇ ಹೇಳಿ, ಲಸಿಕೆ ಇವತ್ತೇ ಶುರುವಾಗಲಿ.

ಡಾಕ್ಟರು ಬೈತಾರೆ ಅಂತ ಮುಚ್ಚಿಡಬೇಡಿ, ಸೂಜಿ ಚುಚ್ಚಿದ್ದನ್ನು ಬರಹದಲ್ಲಿ ಕೊಡಿ. ಇನ್ನು ಮೇಲೆ ಕ್ಯಾಪ್ ಹಾಕೋದೇ ಬೇಡ. ಸೂಜಿ ಕತ್ತರಿಸುವ ಹಬ್ ಕಟರ್ ಕೈಗೆ ಸಿಗುವಷ್ಟು ಹತ್ತಿರ ಇಟ್ಟುಕೊಳ್ಳಿ, ಕೊಟ್ಟ ಕೂಡಲೇ ಕತ್ತರಿಸಿಬಿಡಿ.