ಎರಡು ತಿಂಗಳಲ್ಲಿ ಮೈದಾನಕ್ಕೆ? ನಾನೂ ಹಾಗೇ ಅಂದುಕೊಂಡಿದ್ದೆ

ನಿಮ್ಮ 15 ವರ್ಷದ ಮಗನ ಸೊಂಟದ ಕೀಲಿನ ಆಪರೇಷನ್ ಬಗ್ಗೆ "ಸಣ್ಣ ತೂತು ಹಾಕಿ ಮಾಡುವ ಕೀಹೋಲ್ ತಾನೇ, ಎರಡು ತಿಂಗಳಲ್ಲಿ ಟೂರ್ನಮೆಂಟ್ ಆಡಬಹುದಲ್ವಾ?" ಅಂತ ಕೇಳಿದ್ದೀರಿ. ಆ 'ತಾನೇ'ಯನ್ನು ನಂಬಿಯೇ ನಾನು ಒಂದು ವರ್ಷ ಕಳೆದುಕೊಂಡೆ.

ನನಗಾಗ 16. ಫುಟ್‌ಬಾಲ್ ಹುಚ್ಚು. ತೊಡೆಸಂದಿನ ಆಳದಲ್ಲೆಲ್ಲೋ ನೋವು, ಕೂತು ಎದ್ದರೆ ಚಳುಕು, ಕುಕ್ಕರಗಾಲಲ್ಲಿ ಕೂರುವುದಂತೂ ಆಗುತ್ತಲೇ ಇರಲಿಲ್ಲ. ಸ್ನಾಯು ಉಳುಕಿದೆ ಅಂತ ಎಂಟು ತಿಂಗಳು ಮುಲಾಮು ತಿಕ್ಕಿದೆ. ಕೊನೆಗೆ ಎಕ್ಸ್‌ರೇ, ಎಂಆರ್‌ಐ ಆದಮೇಲೆ ಗೊತ್ತಾಯಿತು: ತೊಡೆ ಎಲುಬಿನ ಗುಂಡಿನ ಕೆಳಗೆ ಒಂದು ಉಬ್ಬು. ಕಾಲು ಮಡಚಿದಾಗಲೆಲ್ಲ ಅದು ಸೊಂಟದ ಬಟ್ಟಲಿನ ಅಂಚಿಗೆ ಗುದ್ದಿ ಗುದ್ದಿ, ಅಲ್ಲಿರುವ ಲೇಬ್ರಮ್ ಎಂಬ ಮೆತ್ತನೆಯ ಪಟ್ಟಿ ಹರಿದಿತ್ತು. ಬೆಳೆಯುವ ವಯಸ್ಸಿನಲ್ಲಿ ವಿಪರೀತ ಆಡುವ ಮಕ್ಕಳಲ್ಲಿ ಈ ಉಬ್ಬು ಜಾಸ್ತಿ.

ಕೀಹೋಲ್ ಆಪರೇಷನ್ ಆಯಿತು. ಹೊರಗೆ ಮೂರು ತೂತು, ಒಂದೊಂದೂ ಸುಮಾರು ಒಂದು ಸೆಂಟಿಮೀಟರ್. ಒಳಗೆ? ಕಾಲನ್ನು ಜಗ್ಗಿ ಕೀಲನ್ನು ಬಿಡಿಸಿ, ಉಬ್ಬನ್ನು ಉಜ್ಜಿ ತೆಗೆದು, ಹರಿದ ಪಟ್ಟಿಯನ್ನು ಎಲುಬಿಗೆ ಆ್ಯಂಕರ್ ಎಂಬ ಪುಟ್ಟ ಮೊಳೆಯಂಥದ್ದು ಹಾಕಿ ಹೊಲಿದಿದ್ದರು.

ನಾನು ನೋಡಿದ್ದು ತೂತುಗಳನ್ನು ಮಾತ್ರ. ಆರು ವಾರ ಊರುಗೋಲು ಬಿಡಬೇಡ ಅಂದಿದ್ದರು. ಹನ್ನೆರಡನೇ ದಿನ ಚರ್ಮದ ಹೊಲಿಗೆ ಬಿಚ್ಚಿದರು. ಕನ್ನಡಿಯಲ್ಲಿ ನೋಡಿಕೊಂಡರೆ ಸೊಳ್ಳೆ ಕಡಿದಷ್ಟು ಗುರುತು. ನೋವೂ ಇಲ್ಲ. ಅವತ್ತೇ ಊರುಗೋಲು ಬಾಗಿಲ ಹಿಂದೆ ಸೇರಿತು. ನೋವಿಲ್ಲ ಅಂದರೆ ವಾಸಿಯಾಗಿದೆ ಅಂತ ನನ್ನ ಲೆಕ್ಕ. ಗುದ್ದುತ್ತಿದ್ದ ಉಬ್ಬೇ ಹೋದಮೇಲೆ ನೋವು ಇಳಿಯದೆ ಇರುತ್ತದೆಯೇ? ಆದರೆ ಹೊಲಿದ ಪಟ್ಟಿ ಎಲುಬಿಗೆ ಕೂಡಿಕೊಳ್ಳಲು ವಾರಗಟ್ಟಲೆ ಬೇಕು. ಉಜ್ಜಿದ ಜಾಗದಲ್ಲಿ ಎಲುಬು ಕೆಲಕಾಲ ದುರ್ಬಲ. ಅಪರೂಪಕ್ಕೆ ಮುರಿಯುವುದೂ ಉಂಟು. ಇದನ್ನೆಲ್ಲ ನನಗೆ ಹೇಳಿದ್ದರು. ಕೇಳಿಸಿಕೊಂಡಿದ್ದೆ, ಅಷ್ಟೆ. ಐದನೇ ವಾರ ಗೋಡೆಗೆ ಒಂದೇ ಒಂದು ಕಿಕ್. ಜೋರಾಗೇನೂ ಅಲ್ಲ. ಒಳಗೆ ಏನೋ ಜಾರಿದ ಹಾಗಾಯಿತು. ಅಪ್ಪನಿಗೆ ಹೇಳಲು ಹೆದರಿ ಮತ್ತೆ ಮೂರು ವಾರ ಕುಂಟಿದೆ. ಒಳಗಿನ ಹೊಲಿಗೆ ಸಡಿಲವಾಗಿತ್ತು. ಎರಡನೇ ಆಪರೇಷನ್.

ಹಾಗಾಗಿ "ಎಷ್ಟು ದಿನಕ್ಕೆ ಆಡಬಹುದು" ಅನ್ನೋ ಪ್ರಶ್ನೆಯನ್ನೇ ಬಿಡಿ. ಎಲ್ಲ ಸರಿಹೋದರೂ ನಾಲ್ಕರಿಂದ ಆರು ತಿಂಗಳು ಹಿಡಿಯುತ್ತದೆ. ಆ ಟೂರ್ನಮೆಂಟ್ ಹೋಯಿತು ಅಂದುಕೊಳ್ಳಿ. ಅದಕ್ಕಿಂತ ಮೊದಲು, ಆಪರೇಷನ್ ಬೇಕೇಬೇಕಾ? ಆಟ ಕಡಿಮೆ ಮಾಡಿ, ಮೂರು ತಿಂಗಳು ಮನಸ್ಸಿಟ್ಟು ಫಿಸಿಯೋ ಮಾಡಿಸಿದ್ದೀರಾ? ನಿಮ್ಮ ಪ್ರಶ್ನೆಯಲ್ಲಿ ಆ ಮಾತೇ ಇಲ್ಲ. ಬಟ್ಟಲಿನ ಆಳ ಅಳೆದಿದ್ದಾರಾ ಅಂತಲೂ ಕೇಳಿ. ಬಟ್ಟಲೇ ತೀರಾ ಆಳವಿಲ್ಲದಿದ್ದರೆ ಬರೀ ಕೀಹೋಲ್‌ನಿಂದ ಕೀಲು ಇನ್ನಷ್ಟು ಸಡಿಲವಾಗಬಹುದು, ಅಂಥವರಿಗೆ ಬಟ್ಟಲನ್ನೇ ತಿರುಗಿಸಿ ಕೂರಿಸುವ ದೊಡ್ಡ ಆಪರೇಷನ್ನೇ ಬೇಕಾಗಬಹುದು. ಎಲುಬಿನ ಗ್ರೋತ್ ಪ್ಲೇಟ್ (ಎಲುಬು ಬೆಳೆಯುವ ಜಾಗ) ಇನ್ನೂ ತೆರೆದಿದೆಯಾ ಅನ್ನೋದೂ ಮುಖ್ಯ. ಮತ್ತೆ, ಹುಡುಗ ಮಂಡಿ ನೋವು ಅಂತ ಕುಂಟುತ್ತಾ, ಪಾದ ಹೊರಕ್ಕೆ ತಿರುಗಿಸಿ ನಡೆಯುತ್ತಿದ್ದರೆ ಇವತ್ತೇ ಎಕ್ಸ್‌ರೇ ಮಾಡಿಸಿ. ಎಲುಬಿನ ಗುಂಡೇ ಜಾರಿರಬಹುದು. ಅದು ತಡ ಮಾಡುವ ಕೇಸಲ್ಲ.

ಇನ್ನೊಂದು, ಇದನ್ನು ಯಾರೂ ಹೇಳೋದಿಲ್ಲ. ಕಾಲು ಜಗ್ಗುವಾಗ ತೊಡೆಗಳ ನಡುವೆ ಒಂದು ದಪ್ಪ ಮೆತ್ತೆಯ ಕಂಬ ಒತ್ತಿಕೊಂಡಿತ್ತು. ಎಚ್ಚರವಾದಾಗ ಆ ಜಾಗವೆಲ್ಲ ಜೋಮು. ನಾಚಿಕೆಯಿಂದ ನಾಲ್ಕು ದಿನ ನರ್ಸಿಗೂ ಹೇಳಲಿಲ್ಲ, ರಾತ್ರಿಯೆಲ್ಲ ಒಬ್ಬನೇ ಗಾಬರಿ ಬಿದ್ದೆ. ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ, ನನಗೂ ಹೋಯಿತು. ಮಗನಿಗೆ ಮೊದಲೇ ಹೇಳಿಡಿ, ನೀವು ಹೇಳೋಕಾಗದಿದ್ದರೆ ಡಾಕ್ಟರ್ ಕೈಲಿ ಹೇಳಿಸಿ.